ಕಾರಿನ ಗ್ಲಾಸ್ ಒಡೆದಿದೆ, ಬ್ಯಾಗ್ ಇಲ್ಲ: ಮುಂದೇನು?

ಹೋದ ಫೆಬ್ರವರಿಯಲ್ಲಿ ನಮ್ಮ ರೂಮ್‌ಮೇಟ್‌ನ ಕಾಕಾನ ಮಗಳ ಮದುವೆ ಮಾನ್ವಿಯಲ್ಲಿತ್ತು. ಅವನು ದೇವದುರ್ಗದವನು. ಅವನ ಅಪ್ಪಾಜಿಯ ಹಳೇ ಕಾರಿನಲ್ಲಿ ನಾವು ಮೂವರೂ ಹೋಗಿದ್ವಿ. ಊಟ ಮುಗಿಸಿ ಸಂಜೆ ರಾಯಚೂರಿಗೆ ಬರೋದು ಅಂತ ಪ್ಲಾನ್. ಮಂಟಪದ ಹೊರಗೆ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿದ್ವಿ. ಹಿಂದಿನ ಸೀಟಿನ ಮೇಲೆ ಗೆಳೆಯನ ಬ್ಯಾಗ್. ಅದರಲ್ಲಿ ಲ್ಯಾಪ್‌ಟಾಪ್, ಹತ್ತಿ ಮಾರಿದ ದುಡ್ಡಲ್ಲಿ ಹಾಸ್ಟೆಲ್ ಫೀಸಿಗೆ ಅಂತ ಎತ್ತಿಟ್ಟ 28 ಸಾವಿರ ರೂಪಾಯಿ, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡ್, 371(ಜೆ) ಪ್ರಮಾಣಪತ್ರ. ಅಪ್ಪಾಜಿಯ ಫೋನು ಮುಂದೆ ಚಾರ್ಜಿಗೆ ಹಾಕಿತ್ತು.

ಊಟ ಮುಗಿಸಿ ಬಂದು ನೋಡಿದರೆ ಹಿಂದಿನ ಎಡಗಡೆ ಗ್ಲಾಸ್ ಇಲ್ಲ. ಸೀಟಿನ ತುಂಬಾ ಗಾಜಿನ ಹರಳು. ಬ್ಯಾಗೂ ಇಲ್ಲ, ಫೋನೂ ಇಲ್ಲ.

ಆಮೇಲೆ ನಾವು ಮಾಡಿದ್ದೆಲ್ಲಾ ತಪ್ಪೇ. ಕೈಯಿಂದಲೇ ಗಾಜು ಬಳಿದು ಹಾಕಿದ್ವಿ. ಸುತ್ತಮುತ್ತ ಹುಡುಕಲಿಲ್ಲ, ಒಂದು ಫೋಟೋ ಕೂಡ ತೆಗೀಲಿಲ್ಲ. "ಹೋದದ್ದು ಹೋತು ತಮ್ಮಾ, ಮದುವಿ ಮನ್ಯಾಗ ಗದ್ದಲ ಬ್ಯಾಡ" ಅಂತ ಅಪ್ಪಾಜಿ ಅಂದ್ರು. ಸೀದಾ ರಾಯಚೂರಿಗೆ ಬಂದುಬಿಟ್ವಿ. ರಾತ್ರಿ ವಕೀಲರಾದ ಗೆಳೆಯನ ಮಾಮಾ ಫೋನಿನಲ್ಲಿ ಬೈದಾಗಲೇ ನಮಗೆ ಬುದ್ಧಿ ಬಂದಿದ್ದು. ಅವರು ಹೇಳಿದ್ದು, ನಾವು ಆಮೇಲೆ ಓದಿ ತಿಳಿದುಕೊಂಡಿದ್ದು, ಎರಡನ್ನೂ ಇಲ್ಲಿ ಕ್ರಮವಾಗಿ ಬರೆದಿದ್ದೀವಿ.

ಮೊದಲ ಹತ್ತು ನಿಮಿಷ

ಯಾವುದನ್ನೂ ಮುಟ್ಟಬೇಡಿ. ನಾಲ್ಕೂ ಕಡೆಯಿಂದ ಫೋಟೋ ತೆಗೀರಿ: ನಂಬರ್ ಪ್ಲೇಟ್, ಒಡೆದ ಗ್ಲಾಸ್, ಸೀಟು, ಸುತ್ತಲಿನ ಅಂಗಡಿಗಳು. 112ಕ್ಕೆ ಫೋನ್ ಮಾಡಿ. ಆಮೇಲೆ ಅಕ್ಕಪಕ್ಕದ ಚರಂಡಿ, ಜಾಲಿ ಪೊದೆ, ಖಾಲಿ ಸೈಟು ನೋಡಿ. ಕಳ್ಳನಿಗೆ ಬೇಕಾಗಿರೋದು ದುಡ್ಡು, ಲ್ಯಾಪ್‌ಟಾಪ್. ನಿಮ್ಮ ಮಾರ್ಕ್ಸ್ ಕಾರ್ಡ್ ತಗೊಂಡು ಅವನೇನು ಮಾಡ್ತಾನೆ? ಏನಾದ್ರೂ ಸಿಕ್ಕರೆ ಮೊದಲು ಅಲ್ಲೇ ಇರೋ ಹಾಗೆ ಫೋಟೋ ತೆಗೆದು ಪೊಲೀಸರಿಗೆ ತಿಳಿಸಿ.

ಹತ್ತಿರ ಸಿಸಿಟಿವಿ ಇದ್ದರೆ ಅವತ್ತೇ ಅಂಗಡಿಯವರನ್ನ ಮಾತಾಡಿಸಿ. ಡಿವಿಆರ್‌ನ ಹಾರ್ಡ್ ಡಿಸ್ಕ್ ತುಂಬಿದ ಮೇಲೆ ಹೊಸ ರೆಕಾರ್ಡಿಂಗ್ ಹಳೇದರ ಮೇಲೆ ಕೂರುತ್ತೆ, ಅದಕ್ಕೆ ತಡ ಮಾಡೋ ಹಾಗಿಲ್ಲ. "ಅಣ್ಣಾ, ಪೊಲೀಸ್ರು ಬರೋತನಕ ಅಳಿಸಬ್ಯಾಡ್ರಿ" ಅಂತ ಕೇಳಿಕೊಳ್ಳಿ. ಇನ್ನೊಂದು ವಿಷಯ, ಡಿವಿಆರ್‌ನ ಗಡಿಯಾರ ಎಷ್ಟೋ ಸಲ ತಪ್ಪಿರುತ್ತೆ. ಪರದೆಯಲ್ಲಿ ಕಾಣೋ ಸಮಯ ಮತ್ತು ನಿಮ್ಮ ಫೋನಿನ ಸಮಯ ಎರಡೂ ಒಂದೇ ಫೋಟೋದಲ್ಲಿ ಬರೋ ಹಾಗೆ ತೆಗೆದಿಟ್ಟುಕೊಳ್ಳಿ. ಎಷ್ಟು ನಿಮಿಷ ವ್ಯತ್ಯಾಸ ಅಂತ ಆಮೇಲೆ ಲೆಕ್ಕ ಹಾಕಬಹುದು.

ಫೋನ್ ಹೋಗಿದ್ದರೆ ದುಡ್ಡಿನ ಬಾಗಿಲು ಮುಚ್ಚಿ

ಬೇರೆ ಫೋನಿಂದ ಮೊದಲು ಸಿಮ್ ಬ್ಲಾಕ್ ಮಾಡಿಸಿ. ಒಟಿಪಿ ಬರೋದು ಸಿಮ್‌ಗೇ ತಾನೆ. ಆಮೇಲೆ ಬ್ಯಾಂಕಿಗೆ ಫೋನ್ ಮಾಡಿ ಯುಪಿಐ, ಕಾರ್ಡ್ ನಿಲ್ಲಿಸಿ, ದೂರಿನ ನಂಬರ್ ಬರೆದುಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ, ಬ್ಯಾಂಕಿಗೆ ತಿಳಿಸಿದ ನಂತರ ಆಗೋ ಅನಧಿಕೃತ ವಹಿವಾಟಿನ ನಷ್ಟ ಬ್ಯಾಂಕಿನದು. ಹಾಗಾಗಿ ತಿಳಿಸಿದ ಸಮಯಕ್ಕೆ ಬೆಲೆ ಇದೆ. ದುಡ್ಡು ಆಗಲೇ ಹೋಗಿದ್ದರೆ 1930ಕ್ಕೆ ಕರೆ ಮಾಡಿ.

ಫೋನನ್ನೇ ಬ್ಲಾಕ್ ಮಾಡೋಕೆ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಸಿಇಐಆರ್ ಅನ್ನೋ ವ್ಯವಸ್ಥೆ ಇದೆ. 2023ರ ಮೇ ತಿಂಗಳಿಂದ ಇಡೀ ದೇಶಕ್ಕೆ ಬಂದಿದೆ. 15 ಅಂಕಿಯ ಐಎಂಇಐ ನಂಬರ್, ಪೊಲೀಸ್ ದೂರಿನ ಪ್ರತಿ, ಗುರುತಿನ ಚೀಟಿ ಕೊಡಬೇಕು. ಒಟಿಪಿ ಬೇಕಾಗೋದರಿಂದ ಅದೇ ನಂಬರಿನ ಹೊಸ ಸಿಮ್ ಮೊದಲು ತಗೊಂಡಿರಿ. ಬ್ಲಾಕ್ ಆದ ಫೋನಿಗೆ ಯಾವ ಸಿಮ್ ಹಾಕಿದರೂ ನಮ್ಮ ದೇಶದ ನೆಟ್‌ವರ್ಕ್‌ಗಳಲ್ಲಿ ಅದು ನಡೆಯಲ್ಲ. ಐಎಂಇಐ ಫೋನಿನ ಬಾಕ್ಸ್ ಮೇಲೆ ಇರುತ್ತೆ. ಅಪ್ಪಾಜಿ ಫೋನಿನ ಬಾಕ್ಸ್ ದೇವದುರ್ಗದ ಮನೆಯಲ್ಲಿ, ಅವ್ವ ಅದರಲ್ಲಿ ಗುಂಡಿ, ಸೂಜಿ ಇಟ್ಟಿದ್ರಂತೆ. ಹಾಗಾಗಿ ಉಳಿದಿತ್ತು!

ಲ್ಯಾಪ್‌ಟಾಪ್ ಹೋಗಿದ್ದರೆ ಇಮೇಲ್ ಪಾಸ್‌ವರ್ಡ್ ಬದಲಾಯಿಸಿ, ಎಲ್ಲಾ ಡಿವೈಸ್‌ಗಳಿಂದ ಸೈನ್ ಔಟ್ ಮಾಡಿ. ಲಾಗಿನ್ ಪಾಸ್‌ವರ್ಡ್ ಇದೆಯಲ್ಲಾ ಅಂತ ಸುಮ್ಮನಿರಬೇಡಿ. ಡಿಸ್ಕ್ ಎನ್‌ಕ್ರಿಪ್ಟ್ ಆಗಿಲ್ಲದಿದ್ದರೆ ಅದನ್ನ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಹಾಕಿ ಫೈಲ್ ಓದಬಹುದು.

"ಅದು ಮಾನ್ವಿಯಾಗ ಆಗ್ಯದ, ಅಲ್ಲೇ ಹೋಗ್ರಿ"

ಮರುದಿನ ನಾವು ಹೋದ ಮೊದಲ ಠಾಣೆಯಲ್ಲಿ ಇದೇ ಮಾತು ಕೇಳಿದ್ವಿ. ಅಪ್ಪಾಜಿ ಎದ್ದು ಹೊರಟೇಬಿಟ್ಟಿದ್ರು. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಸ್ಪಷ್ಟವಾಗಿ ಹೇಳುತ್ತೆ: ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಇದಕ್ಕೇ ಝೀರೋ ಎಫ್‌ಐಆರ್ ಅನ್ನೋದು. ಆ ಠಾಣೆಯವರು ಬರೆದುಕೊಂಡು, ಘಟನೆ ನಡೆದ ಊರಿನ ಠಾಣೆಗೆ ಕಳಿಸ್ತಾರೆ. ಎಲೆಕ್ಟ್ರಾನಿಕ್ ಮೂಲಕ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ದಾಖಲಿಸದೇ ಇದ್ದರೆ ಜಿಲ್ಲಾ ಎಸ್‌ಪಿಗೆ ಬರವಣಿಗೆಯಲ್ಲಿ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು.

ಇದನ್ನ ಜಗಳವಾಗಿ ಹೇಳಬೇಕಿಲ್ಲ. ನಾವು "ಸರ್, ಝೀರೋ ಎಫ್‌ಐಆರ್ ಮಾಡಿಕೊಡ್ರಿ, ಹುಡುಗನ ಮಾರ್ಕ್ಸ್ ಕಾರ್ಡ್ ಹೋಗ್ಯಾವ್ರಿ" ಅಂದ್ವಿ. ಸ್ವಲ್ಪ ಹೊತ್ತು ಕೂಡಿಸಿ ಬರೆದುಕೊಂಡ್ರು.

ದೂರು ಬರೆಯುವಾಗ ಎರಡು ವಿಷಯ ನೆನಪಿಡಿ. ಒಂದು, "ಕಳೆದುಹೋಗಿದೆ" ಅಂತ ಬರೀಬೇಡಿ, "ಕಾರಿನ ಗ್ಲಾಸ್ ಒಡೆದು ಕಳವು ಮಾಡಿದ್ದಾರೆ" ಅಂತ ಬರೀರಿ. ರಾಜ್ಯ ಪೊಲೀಸರ ಇ-ಲಾಸ್ಟ್ ಸೇವೆ ಕಳೆದುಕೊಂಡ ವಸ್ತುಗಳಿಗೆ, ಕಳುವಿಗಲ್ಲ. ಎರಡು, ಪ್ರತಿ ವಸ್ತುವಿನ ಬೆಲೆ, ಸೀರಿಯಲ್ ನಂಬರ್ ಬರೀರಿ, ಬಿಲ್ ಲಗತ್ತಿಸಿ. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಪ್ರಕಾರ ಕಳುವಿಗೆ ಮೂರು ವರ್ಷದವರೆಗೆ ಶಿಕ್ಷೆ ಇದೆ. ಆದರೆ ಕದ್ದ ಮಾಲು 5,000 ರೂಪಾಯಿಗಿಂತ ಕಡಿಮೆ ಬೆಲೆಯದಾದರೆ ಅದು ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡೋ ಹಾಗಿಲ್ಲ. ಬೆಲೆಯನ್ನ ಅಂದಾಜಿಗೆ ಬಿಟ್ಟರೆ ನಮಗೇ ನಷ್ಟ.

ಇನ್ಶೂರೆನ್ಸ್ ಕ್ಲೇಮ್ ಮಾಡಬೇಕಾ?

ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ನಿಮ್ಮ ಗ್ಲಾಸಿಗೆ ಏನೂ ಬರಲ್ಲ. ಕಾಂಪ್ರೆಹೆನ್ಸಿವ್ ಪಾಲಿಸಿಯಲ್ಲಿ ಕಳ್ಳತನದಿಂದ ಕಾರಿಗೆ ಆದ ಹಾನಿ ಸೇರುತ್ತೆ, ಗಾಜಿನ ಭಾಗಗಳಿಗೆ ಡಿಪ್ರಿಸಿಯೇಷನ್ ಕಡಿತವೂ ಇಲ್ಲ. ಆದರೆ ಒಳಗಿದ್ದ ಬ್ಯಾಗ್, ಲ್ಯಾಪ್‌ಟಾಪ್ ಸೇರಲ್ಲ. ಅದಕ್ಕೆ ಬೇರೆ ಆ್ಯಡ್-ಆನ್ ಬೇಕು.

ಕ್ಲೇಮ್ ಮಾಡೋ ಮೊದಲು ಸಣ್ಣ ಲೆಕ್ಕ ಹಾಕಿ. ಉದಾಹರಣೆಗೆ ಗ್ಲಾಸ್ ಬಿಲ್ 3,000 ರೂಪಾಯಿ ಅಂತಿಟ್ಟುಕೊಳ್ಳಿ. 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000. ಕೈಗೆ ಬರೋದು 2,000. ಈಗ ಓನ್ ಡ್ಯಾಮೇಜ್ ಪ್ರೀಮಿಯಂ 6,000 ಇದ್ದು, ಮುಂದಿನ ವರ್ಷ 35% ನೋ ಕ್ಲೇಮ್ ಬೋನಸ್ ಬರಬೇಕಿತ್ತು ಅಂದರೆ ಕಳೆದುಕೊಳ್ಳೋದು 2,100. ಅದೂ ಒಂದೇ ವರ್ಷಕ್ಕೆ. ಬೋನಸ್ ಮತ್ತೆ 20%ರಿಂದ ಏರಬೇಕು. ಇಂಥ ಲೆಕ್ಕದಲ್ಲಿ ಕೈಯಿಂದ ಹಾಕೋದೇ ಲಾಭ. ಡೋರು, ಲಾಕು, ಮ್ಯೂಸಿಕ್ ಸಿಸ್ಟಂ ಎಲ್ಲಾ ಹಾಳಾಗಿದ್ದರೆ ಮಾತು ಬೇರೆ. ಆಗ ಸರ್ವೇಯರ್ ನೋಡೋ ತನಕ ರಿಪೇರಿ ಮಾಡಿಸಬೇಡಿ.

ಆ ಗಾಜು ಹರಳಾಗಿ ಯಾಕೆ ಒಡೀತು?

ಪಕ್ಕದ ಗ್ಲಾಸು ಟಫನ್ಡ್ ಗ್ಲಾಸ್. ಅದನ್ನ 600 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿ, ಗಾಳಿ ಊದಿ ಥಟ್ಟನೆ ತಣ್ಣಗೆ ಮಾಡ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತೆ, ಒಳಗಿನದು ಆಮೇಲೆ ಕುಗ್ಗುತ್ತೆ. ಹೀಗೆ ಹೊರಮೈಯಲ್ಲಿ ಕಂಪ್ರೆಷನ್, ಒಳಗೆ ಟೆನ್ಷನ್ ಉಳಿಯುತ್ತೆ. ಬಿರುಕು ಒಳಗಿನ ಪದರ ಮುಟ್ಟಿದ ತಕ್ಷಣ ಕೂಡಿಟ್ಟ ಶಕ್ತಿಯೆಲ್ಲಾ ಬಿಡುಗಡೆಯಾಗಿ ಇಡೀ ಗ್ಲಾಸ್ ಪುಡಿಯಾಗುತ್ತೆ. ಮುಂದಿನ ಗ್ಲಾಸ್ ಹಾಗಲ್ಲ. ಎರಡು ಗಾಜಿನ ಮಧ್ಯೆ ಪಿವಿಬಿ ಅನ್ನೋ ಪ್ಲಾಸ್ಟಿಕ್ ಹಾಳೆ ಇರೋದರಿಂದ ಒಡೆದರೂ ಅಂಟಿಕೊಂಡೇ ಇರುತ್ತೆ.

ಹರಳು ಮೊಂಡಾಗಿ ಕಂಡರೂ ಕೈ ಕೊಯ್ಯುತ್ತೆ. ನಮ್ಮಲ್ಲೊಬ್ಬನ ಬೆರಳಿಗೆ ಇನ್ನೂ ಗುರುತಿದೆ. ಪೊಲೀಸರು ನೋಡಿದ ಮೇಲೆ ವ್ಯಾಕ್ಯೂಮ್‌ನಿಂದ ತೆಗೆಸಿ. ಡೋರಿನ ಒಳಗೂ ಹರಳು ಬಿದ್ದಿರುತ್ತೆ, ಅದನ್ನೂ ತೆಗೆಸದಿದ್ದರೆ ಹೊಸ ಗ್ಲಾಸಿಗೆ ಗೀರು ಬೀಳುತ್ತೆ. ಅಲ್ಲಿಯವರೆಗೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನ ಡೋರಿನ ಫ್ರೇಮ್ ಮೇಲೆ ಇಳಿಬಿಟ್ಟು ಡೋರ್ ಹಾಕಿ. ಪೇಂಟ್ ಮೇಲೆ ಟೇಪ್ ಹಚ್ಚಿದರೆ ನಮ್ಮ ರಾಯಚೂರಿನ ಬಿಸಿಲಿಗೆ ಗಮ್ಮು ಹತ್ತಿಬಿಡುತ್ತೆ.

ಕಾಗದ ಪತ್ರ

ಎಫ್‌ಐಆರ್ ಪ್ರತಿಯ ನಾಲ್ಕೈದು ಜೆರಾಕ್ಸ್ ಇಟ್ಟುಕೊಳ್ಳಿ. ಕಾರಿನ ಆರ್‌ಸಿ ಹೋಗಿದ್ದರೆ ಡೂಪ್ಲಿಕೇಟಿಗೆ ಆರ್‌ಟಿಒದಲ್ಲಿ ಫಾರ್ಮ್ 26 ಕೊಡಬೇಕು. ಅಲ್ಲಿಯವರೆಗೆ ಡಿಜಿಲಾಕರ್‌ನಲ್ಲಿರೋ ಆರ್‌ಸಿ, ಲೈಸೆನ್ಸ್ ತೋರಿಸಬಹುದು, ಅವು ಮಾನ್ಯ. ಪಹಣಿಯ ಚಿಂತೆ ಬೇಡ, ಭೂಮಿ ತಂತ್ರಾಂಶದಿಂದ ಮತ್ತೆ ಸಿಗುತ್ತೆ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ, 371(ಜೆ)ಗೆ ಸಹಾಯಕ ಆಯುಕ್ತರ ಕಚೇರಿ, ಮಾರ್ಕ್ಸ್ ಕಾರ್ಡಿಗೆ ಆಯಾ ಪರೀಕ್ಷಾ ಮಂಡಳಿ.

ನಮ್ಮ ಗೆಳೆಯನಿಗೆ ಇಷ್ಟೆಲ್ಲಾ ಓಡಾಟ ತಪ್ಪಿತು. ಮೂರನೇ ದಿನ ಮಾನ್ವಿಯ ಕಾಕಾ ಮಂಟಪದ ಹಿಂದಿನ ಜಾಲಿ ಗಿಡಗಳಲ್ಲಿ ಹುಡುಕಿದ್ರು. ಹರಿದ ಬ್ಯಾಗ್ ಸಿಕ್ಕಿತು, ಒಳಗೆ ಫೈಲ್ ಇತ್ತು, ಇಬ್ಬನಿಗೆ ನೆಂದಿತ್ತು. ಅವತ್ತೇ ಹತ್ತು ಹೆಜ್ಜೆ ನಡೆದು ನೋಡಿದ್ದರೆ ನೆನೆಯುತ್ತಲೂ ಇರಲಿಲ್ಲ. ಲ್ಯಾಪ್‌ಟಾಪ್, ದುಡ್ಡು, ಫೋನು ಇವತ್ತಿನವರೆಗೆ ಸಿಕ್ಕಿಲ್ಲ. ಫೀಸು ಕಟ್ಟೋಕೆ ಅಪ್ಪಾಜಿ ಸಾಲ ಮಾಡಿದ್ರು. ಗೆಳೆಯ ಮಿನಿ ಪ್ರಾಜೆಕ್ಟಿನ ಕೋಡ್ ಮೊದಲಿಂದ ಬರೆದ, ನಾವೂ ಕೈ ಹಾಕಿದ್ವಿ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ನಿಮ್ಮ ಫೋನಿನಲ್ಲಿ *#06# ಒತ್ತಿ ಐಎಂಇಐ ಬರೆದಿಡಿ. ಲ್ಯಾಪ್‌ಟಾಪ್ ಕೆಳಗಿನ ಸೀರಿಯಲ್ ನಂಬರಿನ ಫೋಟೋ ತೆಗೆದು ನಿಮಗೇ ಇಮೇಲ್ ಮಾಡಿಕೊಳ್ಳಿ. ಡಿಸ್ಕ್ ಎನ್‌ಕ್ರಿಪ್ಷನ್ ಆನ್ ಮಾಡಿ. ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡಿಡಿ. ಆಮೇಲೆ ಊರಿಗೆ ಫೋನ್ ಹಚ್ಚಿ, ಅಪ್ಪ-ಅವ್ವನ ಫೋನಿನ ನಂಬರೂ ಬರೆದುಕೊಳ್ಳಿ. ಬಾಕ್ಸ್ ಎಲ್ಲಿದೆ ಅಂತ ಅವ್ವನನ್ನೇ ಕೇಳಿ, ಅವರಿಗೆ ಗೊತ್ತಿರುತ್ತೆ.