ಯಾವ ತೋಟೆ? ನಳಿಗೆಯನ್ನೇ ಕೇಳಿ

ಚಾರ್ಮಾಡಿ ಘಾಟಿಯ ಬುಡದಲ್ಲಿ ಅಡಿಕೆ ತೋಟ ಮಾಡಿಕೊಂಡವರಿಗೆ ಕೋವಿ ಎಂದರೆ ಹಾರೆ, ಕತ್ತಿಗಳ ಸಾಲಿನಲ್ಲೇ ಬರುವ ಸಾಮಾನು. ನೆರಿಯ, ಕಕ್ಕಿಂಜೆ, ಮುಂಡಾಜೆ ಕಡೆಯ ಹಳೆಯ ಮನೆಗಳಲ್ಲಿ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಪರವಾನಗಿ ಬದಲಾಗುತ್ತಾ ಬಂದ ಜೋಡು ನಳಿಗೆ ಕೋವಿಗಳಿವೆ. ಕೋವಿಯ ಜೊತೆಗೆ ಅದರ ಕಥೆಗಳೂ ಇಳಿದು ಬರುತ್ತವೆ. ಅದಕ್ಕೆ ಯಾವ ತೋಟೆ ಹಾಕಬೇಕು ಎಂಬ ತಿಳಿವಳಿಕೆ ಮಾತ್ರ ನಡುವೆ ಎಲ್ಲೋ ಉದುರಿ ಹೋಗಿರುತ್ತದೆ. ಅಂಗಡಿಗೆ ಹೋಗಿ ‘ಹನ್ನೆರಡು ಬೋರಿನದ್ದು ಕೊಡಿ’ ಎಂದರೆ ಸಾಕು ಅಂದುಕೊಂಡವರೇ ಹೆಚ್ಚು. ಅದು ಸಾಕಾಗುವುದಿಲ್ಲ.

ಬೋರ್ ಎನ್ನುವುದು ನಳಿಗೆಯ ಒಳ ಅಗಲದ ಲೆಕ್ಕ. ಒಂದು ಪೌಂಡ್ ಸೀಸದಿಂದ ಸಮನಾದ 12 ಉಂಡೆ ಮಾಡಿದರೆ, ಅದರಲ್ಲಿ ಒಂದು ಉಂಡೆ ಸರಿಯಾಗಿ ಕೂರುವ ನಳಿಗೆಯೇ 12 ಬೋರು. ಅಗಲ ಸುಮಾರು 18.5 ಮಿ.ಮೀ. ಹಾಗಾಗಿ ಅಂಕೆ ಹೆಚ್ಚಿದಷ್ಟೂ ನಳಿಗೆ ಸಣ್ಣದು. 20 ಬೋರಿನ ತೋಟೆ 12 ಬೋರಿನ ಕೋವಿಗೆ ಹಾಕಿದರೆ ಸಡಿಲವಾಗಿ ಒಳಗೆ ಜಾರಿ, ನಳಿಗೆಯ ಮುಂದೆಲ್ಲೋ ಸಿಕ್ಕಿಕೊಳ್ಳುತ್ತದೆ. ನೋಡಿದವನಿಗೆ ತೋಟೆ ಕೂರುವ ಚೇಂಬರ್ ಖಾಲಿ. ಆತ ಹಿಂದಿನಿಂದ ಸರಿಯಾದ ತೋಟೆಯನ್ನೇ ತುಂಬಿ ಕುದುರೆ ಎಳೆದರೆ ನಳಿಗೆ ಒಡೆಯುತ್ತದೆ, ಅದೂ ಎಡಗೈ ಹಿಡಿದಿರುವ ಜಾಗದ ಹತ್ತಿರ. ಎರಡು ಬೇರೆ ಬೇರೆ ಬೋರಿನ ಕೋವಿ ಇರುವ ಮನೆಯಲ್ಲಿ ಎರಡರ ತೋಟೆಗಳು ಒಂದೇ ಡಬ್ಬಿಯಲ್ಲಿ, ಒಂದೇ ಕಿಸೆಯಲ್ಲಿ ಎಂದೂ ಸೇರಬಾರದು.

ಬೋರು ಸರಿಯಾದ ಮೇಲೆ ಉದ್ದ. ಹೆಚ್ಚಿನವರು ಎಡವುವುದು ಇಲ್ಲೇ. 12 ಬೋರಿನ ತೋಟೆಗಳು 65, 70, 76 ಮಿ.ಮೀ. ಉದ್ದಗಳಲ್ಲಿ ಸಿಗುತ್ತವೆ, ಹಳೆಯ ಲೆಕ್ಕದಲ್ಲಿ ಎರಡೂವರೆ, ಎರಡೂಮುಕ್ಕಾಲು, ಮೂರು ಇಂಚು. ಡಬ್ಬಿಯ ಮೇಲಿನ ಈ ಅಳತೆ ತೋಟೆ ಹಾರಿದ ಮೇಲಿನ ಉದ್ದ, ಅಂದರೆ ಮಡಿಸಿದ ಬಾಯಿ ಪೂರ್ತಿ ಬಿಚ್ಚಿಕೊಂಡಾಗಿನದು. ಹಾರಿಸುವ ಮೊದಲು ತೋಟೆ ಅದಕ್ಕಿಂತ ಗಿಡ್ಡ. ಆದ್ದರಿಂದ 65ರ ಚೇಂಬರಿನೊಳಗೆ 70ರ ತೋಟೆ ಯಾವ ತಕರಾರೂ ಇಲ್ಲದೆ ಕೂರುತ್ತದೆ, ಕೋವಿಯೂ ಮುಚ್ಚಿಕೊಳ್ಳುತ್ತದೆ. ಹಾರಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ, ನಳಿಗೆ ಕಿರಿದಾಗುವ ಕತ್ತಿನಲ್ಲಿ ಅಂಚು ತುರುಕಿಕೊಂಡು ಒತ್ತಡ ಏರುತ್ತದೆ. ಒಂದೆರಡು ಸಲ ಏನೂ ಆಗದಿರಬಹುದು; ಹೆಗಲಿಗೆ ಹೊಡೆತ ಜೋರಾಯಿತು ಅನ್ನಿಸಬಹುದು. ‘ಹಿಡಿಸಿತಲ್ಲ, ಹಾಗಾದರೆ ಸರಿ’ ಎನ್ನುವ ವಾದ ಕೋವಿಯ ವಿಷಯದಲ್ಲಿ ನಡೆಯುವುದಿಲ್ಲ. ತಿರುಗಾಮುರುಗಾ ಆದರೆ ಅಪಾಯವಿಲ್ಲ: 70ರ ಚೇಂಬರಿನಲ್ಲಿ 65ರ ತೋಟೆ ಹಾರಿಸಬಹುದು.

ನಿಮ್ಮ ಚೇಂಬರು ಎಷ್ಟರದ್ದು ಎಂದು ಹೆಚ್ಚಾಗಿ ನಳಿಗೆಯ ಮೇಲೆಯೇ ಕೆತ್ತಿರುತ್ತದೆ. ಕೋವಿಯನ್ನು ಖಾಲಿ ಮಾಡಿ, ನಳಿಗೆ ಕಳಚಿ, ಚೇಂಬರಿನ ಅಡಿಭಾಗ ನೋಡಿ. ಬರ್ಮಿಂಗ್‌ಹ್ಯಾಮಿನ ಹಳೆಯ ಕೋವಿಗಳಲ್ಲಿ ಪರೀಕ್ಷೆಯ ಮುದ್ರೆಗಳು ಅಲ್ಲಿರುತ್ತವೆ. ‘ನೈಟ್ರೋ ಪ್ರೂಫ್’ ಎಂದಿದ್ದರೆ ಇಂದಿನ ಹೊಗೆಯಿಲ್ಲದ ಮಸಿಗೆ, ಅಂದರೆ ಕೋವಿಮದ್ದಿಗೆ, ಪರೀಕ್ಷೆಯಾದ ನಳಿಗೆ ಅದು. ಆ ಮುದ್ರೆ ಇಲ್ಲದ, ಮೈಮೇಲೆ ಹಾವಿನ ಪೊರೆಯಂಥ ನೆರಿಗೆಗಳಿರುವ ತಿರುಚು ಕಬ್ಬಿಣದ ನಳಿಗೆಯಾದರೆ ಗೋಡೆಗೆ ಅಂದ, ಅಷ್ಟೇ. ಮುದ್ರೆ ಸವೆದಿದ್ದರೆ ಪರವಾನಗಿ ಇರುವ ಕೋವಿ ರಿಪೇರಿಯವರಿಂದ ಅಳೆಸಿ. ಊಹೆ ಬೇಡ.

ಕೇಪಿನ ಕೋವಿಯ ಮಾತು ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆ ಮೊದಲು ಹೆಸರಿಸುವುದೇ ಬಾಯಿಯಿಂದ ತುಂಬುವ ಈ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ತೋಟೆ ಕೋವಿ. ಕೊಡಗಿನವರಿಗಿರುವಂಥ ಪರವಾನಗಿ ವಿನಾಯಿತಿ ಘಾಟಿಯ ಈಚೆಗಿಲ್ಲ. ಕೇಪಿನ ಕೋವಿಗೆ ಕರಿಮಸಿ ಮಾತ್ರ. ತೋಟೆ ಒಡೆದು ಅದರ ಮಸಿಯನ್ನು ಇದಕ್ಕೆ ಸುರಿಯುವ ಜಾಣತನ ಕಣ್ಣು, ಬೆರಳು ಕಳೆಯುವ ದಾರಿ.

ಇನ್ನು ನಳಿಗೆಯ ತುದಿ. ಜೋಡು ನಳಿಗೆಯಲ್ಲಿ ಸಾಮಾನ್ಯವಾಗಿ ಎಡದ್ದು ತುದಿಯಲ್ಲಿ ಹೆಚ್ಚು ಬಿಗಿ; ಅದನ್ನೇ ಚೋಕ್ ಎನ್ನುವುದು. ಪೂರ್ತಿ ಚೋಕ್ ಎಂದರೂ ಬಿಗಿತ ಸುಮಾರು ಒಂದು ಮಿ.ಮೀ. ಅಷ್ಟೇ. ಸಣ್ಣ ಚರೆ ಅದರಲ್ಲಿ ಒತ್ತಾಗಿ ಹೋಗುತ್ತದೆ. ಒಂಟಿ ಗುಂಡಿನ ತೋಟೆ ಬೇರೆ ವಿಷಯ: ನಳಿಗೆಗೆ ತಕ್ಕಷ್ಟು ದಪ್ಪದ ಗುಂಡು ಆ ಬಿಗಿಯಲ್ಲಿ ಹೊರಬೀಳಬೇಕು. ಹಳೆಯ ಕೆಲವು ಇಂಗ್ಲಿಷ್ ನಳಿಗೆಗಳ ಮೇಲೆ ‘ನಾಟ್ ಫಾರ್ ಬಾಲ್’ ಎಂದು ಕೆತ್ತಿರುವುದು ಇದಕ್ಕೇ.

ಚರೆಯ ನಂಬರಿನ ಬಗ್ಗೆ ನಮ್ಮಲ್ಲಿ ಒಂದು ಭ್ರಮೆ ಇದೆ: ದೊಡ್ಡ ಚರೆಯಾದರೆ ದೊಡ್ಡ ಸದ್ದು. ಸದ್ದು ಬರುವುದು ಮಸಿಯಿಂದ, ಚರೆಯ ಗಾತ್ರದಿಂದಲ್ಲ. ಪ್ರಾಣಿಗೆ ಹೊಡೆಯುವ ಮಾತಂತೂ ಬೇಡ: ಆನೆ, ಕಾಟಿ ಎರಡೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ; ಹಂದಿಗೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಗುಂಡು ಹೊಡೆಯುವಂತಿಲ್ಲ. ಕೋವಿಯ ಪರವಾನಗಿ ಬೇಟೆಯ ಪರವಾನಗಿಯಲ್ಲ. ಅಂದಮೇಲೆ ತೋಟದ ಕೋವಿಯ ಕೆಲಸ ಬಹುಪಾಲು ಬೆದರಿಸುವುದು. 8.4 ಮಿ.ಮೀ. ದಪ್ಪದ ಎಸ್‌ಜಿ ಚರೆ 600 ಮೀಟರಿಗೂ ದೂರ ಹೋಗಿ ಬೀಳಬಲ್ಲದು, 6ನೇ ನಂಬರಿನದು ಸುಮಾರು 200 ಮೀಟರ್. ತೋಟದಾಚೆ ಮನೆಗಳು, ಹೆದ್ದಾರಿ ಇರುವಲ್ಲಿ ಎಸ್‌ಜಿ ಇಟ್ಟುಕೊಳ್ಳುವುದಕ್ಕೆ ನನಗಂತೂ ಕಾರಣ ಕಾಣುವುದಿಲ್ಲ. ಬರೀ ಸದ್ದೇ ಬೇಕಾದರೆ ಗರ್ನಾಲು ಸಾಕು.

ಆತ್ಮರಕ್ಷಣೆಗೆಂದು ಪಿಸ್ತೂಲು, ರಿವಾಲ್ವರ್ ಪಡೆದವರಿಗೂ ಇದೇ ಮಾತು. ಇಲ್ಲಿ ಮೋಸ ಮಾಡುವುದು .32 ಎಂಬ ಅಂಕೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ ರಿವಾಲ್ವರ್ .32, ಅದೇ ಸಮೂಹದ ಅಶನಿ ಪಿಸ್ತೂಲೂ .32. ಕಾಡತೂಸುಗಳು ಬೇರೆ ಬೇರೆ. ರಿವಾಲ್ವರಿನದರ ಕೊಳವೆ 23 ಮಿ.ಮೀ. ದಾಟುತ್ತದೆ, ಬುಡದ ಅಂಚು ಚಾಚಿಕೊಂಡಿರುತ್ತದೆ, 7.65 ಎಂದೂ ಕರೆಯುವ ಪಿಸ್ತೂಲಿನದು 17 ಮಿ.ಮೀ. ಆಸುಪಾಸು, ಅಂಚು ಹೊರಗೆ ಕಾಣುವುದೇ ಕಡಿಮೆ. ಪರವಾನಗಿಯಲ್ಲಿ, ಆಯುಧದ ಮೇಲೆ, ಡಬ್ಬಿಯ ಮೇಲೆ ಪೂರ್ತಿ ಹೆಸರು ಒಂದೇ ಇದೆಯೇ ನೋಡಿ.

ಸರಿಯಾದ ತೋಟೆಯನ್ನೂ ನಮ್ಮ ಮಳೆ ಕೆಡಿಸುತ್ತದೆ. ಹಳೆಯ ಕಾಗದದ ತೋಟೆ ಆಟಿ ತಿಂಗಳ ತೇವಕ್ಕೆ ಉಬ್ಬಿ ಚೇಂಬರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿನದು ಉಬ್ಬುವುದಿಲ್ಲ, ಆದರೆ ಬುಡದ ಲೋಹ ಹಸಿರುಗಟ್ಟುತ್ತದೆ. ಅಟ್ಟದ ಹೊಗೆಯಲ್ಲಿ ಒಣಗಿಸುವುದು ಬೇಡ. ಗಾಳಿಯಾಡದ ಡಬ್ಬಿಯಲ್ಲಿ, ತಂಪಾದ ಕಡೆ, ಕೋವಿಯಿಂದ ಬೇರೆಯಾಗಿ ಬೀಗದೊಳಗಿಡಿ. ಚುನಾವಣೆಗೆಂದು ಠಾಣೆಯಲ್ಲಿಟ್ಟ ಕೋವಿ ಮರಳಿದಾಗ ಮೊದಲು ನಳಿಗೆಯೊಳಗಿಂದ ಬೆಳಕು ನೋಡಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ನಳಿಗೆಯಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ, ಮತ್ತು ಒಂದು ಚಿಟಿಕೆ ಮಣ್ಣೂ ಅಡ್ಡಿಯೇ.

ಕುದುರೆ ಎಳೆದರೂ ತೋಟೆ ಹಾರದಿದ್ದರೆ ಕೂಡಲೇ ಕೋವಿ ಮುರಿದು ತೆರೆಯಬೇಡಿ. ಬಾಯಿಯನ್ನು ನಿರ್ಜನ ದಿಕ್ಕಿಗೆ ಹಿಡಿದು ಒಂದು ನಿಮಿಷ ಕಾಯಿರಿ. ‘ಪುಸ್’ ಎಂದು ಸದ್ದು ಕುಗ್ಗಿದ್ದರೆ ತೋಟೆಯೊಳಗಿನ ಬಿರಡೆ ನಳಿಗೆಯಲ್ಲೇ ನಿಂತಿರಬಹುದು. ಕೋವಿ ಖಾಲಿ ಮಾಡಿ, ನಳಿಗೆ ನೋಡದೆ ಮುಂದಿನ ಈಡು ಬೇಡ. ಹಸಿರುಗಟ್ಟಿದ, ಉಬ್ಬಿದ, ಅಜ್ಜನ ಕಾಲದ ತೋಟೆಗಳನ್ನು ಬಾವಿಗೋ ಒಲೆಗೋ ಹಾಕುವಂತಿಲ್ಲ; ಪರವಾನಗಿ ಪುಸ್ತಕದ ಜೊತೆ ಠಾಣೆಗೆ ಒಯ್ದು ಒಪ್ಪಿಸಿ, ರಸೀದಿ ಪಡೆಯಿರಿ.