250 ಆಟ: ಕರೆದ ಎಲೆ ಕೈಲಿದ್ದರೆ ಸಹಾಯ ಮಾಡಲೇಬೇಕು, ಆದರೆ ಯಾವಾಗ, ಹೇಗೆ?

ಇಸ್ಪೀಟ್ ಆಟಗಳಲ್ಲಿ ಜೊತೆಗಾರ ಯಾರು ಅನ್ನೋದು ಸಾಮಾನ್ಯವಾಗಿ ಕೂತಾಗಲೇ ಗೊತ್ತಿರುತ್ತದೆ. 28 ಆಟದಲ್ಲಿ ಎದುರಿಗೆ ಕೂತವರೇ ಜೋಡಿ. ರಮ್ಮಿಯಲ್ಲಿ ಯಾರಿಗೆ ಯಾರೂ ಇಲ್ಲ. ಇವೆರಡರ ನಡುವೆ ನಿಲ್ಲುವ ಆಟ 250. ಗುಜರಾತಿನಲ್ಲಿ ಇದಕ್ಕೆ ‘ಕಾಳಿ ತೀರಿ’ ಅಂತಾರೆ, ಅಂದರೆ ಕಪ್ಪು ಮೂರು. ಇಲ್ಲಿ ಪ್ರತಿ ಹಂಚಿಕೆಗೂ ಜೊತೆಗಾರರು ಬದಲಾಗುತ್ತಾರೆ. ಇವರ ಜೊತೆ ಆಡಲ್ಲ ಅನ್ನೋ ಹಾಗಿಲ್ಲ. ಕೈಗೆ ಬಂದ ಎಲೆಯೇ ನಿಮ್ಮನ್ನು ಒಂದು ಕಡೆಗೆ ಸೇರಿಸಿಬಿಡುತ್ತದೆ.

ಲೆಕ್ಕ ಹೇಗೆ?

ಆರು ಜನ ಕೂತರೆ ಕಟ್ಟಿನಿಂದ ನಾಲ್ಕು ಎರಡುಗಳನ್ನು ತೆಗೆದು, ಉಳಿದ 48 ಎಲೆಗಳನ್ನು ತಲಾ 8ರಂತೆ ಹಂಚಬೇಕು. ಎಕ್ಕ, ರಾಜ, ರಾಣಿ, ಗುಲಾಮ, ಹತ್ತು: ಒಂದೊಂದಕ್ಕೂ 10 ಅಂಕ. ನಾಲ್ಕು ಬಣ್ಣ ಸೇರಿ 200 ಆಯ್ತು. ಐದಕ್ಕೆ 5ರಂತೆ 20. ಇಸ್ಪೀಟ್ ಮೂರು ಒಂದಕ್ಕೇ 30. ಒಟ್ಟು 250. ಆಟಕ್ಕೆ ಹೆಸರು ಬಂದದ್ದು ಇದರಿಂದಲೇ.

ಎಲೆ ನೋಡಿಕೊಂಡು ಐದರ ಲೆಕ್ಕದಲ್ಲಿ ಬಿಡ್ ಏರಿಸುತ್ತಾ ಹೋಗುತ್ತಾರೆ. ಯಾರು ಹೆಚ್ಚು ಕೂಗುತ್ತಾರೋ ಅವರು ತುರುಫು ಹೇಳಿ, ತಮ್ಮ ಕೈಯಲ್ಲಿ ಇಲ್ಲದ ಎರಡು ಎಲೆಗಳನ್ನು ಹೆಸರಿಟ್ಟು ಕರೆಯುತ್ತಾರೆ. ‘ತುರುಫು ಕಳಾವರ್. ಕಳಾವರ್ ಎಕ್ಕ ಇದ್ದವರು, ಇಸ್ಪೀಟ್ ಎಕ್ಕ ಇದ್ದವರು ನನ್ನ ಕಡೆ.’ ಅಷ್ಟೇ. ಆ ಎಲೆ ಇರುವವರು ಬಾಯಿಬಿಡಬಾರದು, ಸನ್ನೆ ಮಾಡಬಾರದು. ಎಲೆ ಕೆಳಗೆ ಬಿದ್ದಾಗಲೇ ಎಲ್ಲರಿಗೂ ಗೊತ್ತಾಗಬೇಕು. ಎರಡೂ ಎಲೆ ಒಬ್ಬರ ಹತ್ತಿರವೇ ಇದ್ದರೆ ಮೂರಕ್ಕೆ ಮೂರರ ಬದಲು ಇಬ್ಬರ ಎದುರು ನಾಲ್ವರು ಆಗುತ್ತಾರೆ.

ಆಡುವ ಕ್ರಮ ಗೊತ್ತಿದ್ದದ್ದೇ. ಇಳಿದ ಬಣ್ಣ ಇದ್ದರೆ ಅದನ್ನೇ ಹಾಕಬೇಕು. ಇಲ್ಲದಿದ್ದರೆ ತುರುಫು ಹೊಡೆಯಬಹುದು, ಅಥವಾ ಬೇರೆ ಯಾವುದಾದರೂ ಎಲೆ ಬಿಸಾಕಬಹುದು. ಬಿಡ್ ಹಿಡಿದವರು ಮತ್ತು ಸಹಾಯಕರು ಗೆದ್ದ ಸುತ್ತುಗಳ ಅಂಕ ಒಟ್ಟುಗೂಡಿಸಿ, ಬಿಡ್ ಮುಟ್ಟಿತೋ ಇಲ್ಲವೋ ನೋಡಬೇಕು.

ಯಾವ ಎಲೆ ಕರೆಯಬೇಕು?

ಇಸ್ಪೀಟ್ ಮೂರಕ್ಕೆ ಅಂಕ ಜಾಸ್ತಿ, ಬಲ ಇಲ್ಲ. ಆರು ಜನರ ಆಟದಲ್ಲಿ ಅದೇ ತೀರಾ ಕೆಳಗಿನ ಎಲೆ. ಅದು ನಿಮ್ಮ ಕೈಯಲ್ಲಿದ್ದರೆ ಇಸ್ಪೀಟ್ ಎಕ್ಕ ಕರೆಯುವುದು ಜಾಣತನ. ಸಹಾಯಕ ಎಕ್ಕ ಹಾಕಿದ ಸುತ್ತಿಗೆ ನೀವು ಮೂರನ್ನು ಒಪ್ಪಿಸಬಹುದು. ಆ ಸುತ್ತಿಗೆ ಬೇರೆ ಯಾರೂ ತುರುಫು ಹೊಡೆಯದಿದ್ದರೆ ಎರಡೇ ಎಲೆಗೆ 40 ಅಂಕ ನಿಮ್ಮದು. ಮೂರು ನಿಮ್ಮ ಹತ್ತಿರ ಇಲ್ಲದೆ, ಇಸ್ಪೀಟ್ ಎಕ್ಕ, ರಾಜ ಇದ್ದರೆ ಮೂರನ್ನೇ ಕರೆಯಬಹುದು. ಎದುರಾಳಿಯ ಆಯುಧ ಆಗಬಹುದಾಗಿದ್ದ ಎಲೆ ನಿಮ್ಮ ಕಡೆಗೆ ಬರುತ್ತದೆ.

ತುರುಫಿನಲ್ಲಿ ರಾಜ, ರಾಣಿ ಇದ್ದು ಎಕ್ಕ ಇಲ್ಲದಿದ್ದರೆ ಆ ಎಕ್ಕ ಕರೆಯುವುದೇ ಸರಿ. ನಿಮ್ಮನ್ನು ಹೊಡೆಯಬಲ್ಲ ಎಲೆ ನಿಮ್ಮದೇ ಆಗುತ್ತದೆ.

ಸಹಾಯಕ ಯಾವಾಗ ಬಯಲಾಗಬೇಕು?

ಯಾರ ಕಡೆ ಅನ್ನೋದು ಸಹಾಯಕನ ಕೈಲಿಲ್ಲ. ಯಾವಾಗ ತೋರಿಸಿಕೊಳ್ಳಬೇಕು ಅನ್ನೋದು ಮಾತ್ರ ಬಹುಮಟ್ಟಿಗೆ ಅವನ ಕೈಲೇ ಇದೆ.

ತಡವಾಗಿ ಬಯಲಾದರೆ ಲಾಭ ಹೀಗೆ. ಎದುರಾಳಿ ಆಟಿನ್ ರಾಜ ಇಳಿಸುತ್ತಾನೆ. ಬಿಡ್ ಹಿಡಿದವರು ನಾಲ್ಕು ಹಾಕುತ್ತಾರೆ. ಮೂರನೆಯವನು ನಮ್ಮವನೇ ಗೆಲ್ಲುತ್ತಾನೆ ಅಂದುಕೊಂಡು ಹತ್ತು ಕೊಡುತ್ತಾನೆ. ಗುಟ್ಟಾಗಿರುವ ಸಹಾಯಕ ಆಟಿನ್ ಎಕ್ಕ ಹಾಕುತ್ತಾನೆ. ಇವನೂ ನಮ್ಮವನೇ ಅಂತ ನಂಬಿ ಮುಂದಿನವನು ಗುಲಾಮ ಸುರಿಯುತ್ತಾನೆ. ಕೊನೆಯವನದು ಏಳು. ಒಂದೇ ಸುತ್ತಿಗೆ 40 ಅಂಕ ಬಿಡ್ ಕಡೆಗೆ ಬಂತು, ಮೂವತ್ತು ಎದುರಾಳಿಗಳೇ ಕೊಟ್ಟದ್ದು.

ಆದರೆ ತೀರಾ ತಡ ಮಾಡಿದರೂ ಕಷ್ಟ. ಬಿಡ್ ಹಿಡಿದವರಿಗೂ ನೀವು ಯಾರೆಂದು ಗೊತ್ತಿರುವುದಿಲ್ಲ. ನೀವು ಗೆಲ್ಲುತ್ತಿರುವ ಸುತ್ತಿಗೇ ಅವರು ತುರುಫು ಹೊಡೆದು ಎಲೆ ಹಾಳು ಮಾಡಿಕೊಳ್ಳಬಹುದು. ಬಿಡ್ ದೊಡ್ಡದಿದ್ದಾಗ, ಅಂದರೆ ಸೋಲಲು ಹೆಚ್ಚು ಅವಕಾಶ ಇಲ್ಲದಾಗ, ಒಬ್ಬ ಸಹಾಯಕ ಬೇಗ ತೋರಿಸಿಕೊಂಡು ಇನ್ನೊಬ್ಬ ಮರೆಯಲ್ಲಿರುವುದು ಒಳ್ಳೆಯದು.

ಎದುರಾಳಿಗಳಿಗೂ ದಾರಿ ಇದೆ. ಕರೆದ ಎಲೆಯ ಬಣ್ಣವನ್ನೇ ಪದೇ ಪದೇ ಇಳಿಸಿದರೆ, ಬೇರೆ ಎಲೆ ಮುಗಿದವನು ಕರೆದ ಎಲೆ ಹಾಕಲೇಬೇಕಾಗುತ್ತದೆ. ಬಿಡ್ ಹಿಡಿದವರ ಸುತ್ತಿಗೆ ಅಂಕದ ಎಲೆ ಧಾರಾಳವಾಗಿ ಬೀಳಿಸುವವನ ಮೇಲೂ ಕಣ್ಣಿಡಬೇಕು.

ಜಗಳ ಶುರುವಾಗುವ ಜಾಗ

ಹಲವು ಹಂಚಿಕೆಗಳ ಅಂಕ ಕೂಡಿಸುತ್ತಾ ಹೋಗುವುದರಿಂದ ಕೊನೆಗೆ ಗೆಲ್ಲುವವರು ಒಬ್ಬರೇ. ಈಗ ಬಿಡ್ ಹಿಡಿದವರ ಖಾತೆಯಲ್ಲಿ 300, ಸಹಾಯಕನ ಖಾತೆಯಲ್ಲಿ 250 ಇದೆ ಅಂದುಕೊಳ್ಳಿ. ಬಿಡ್ 160. ಗೆದ್ದರೆ ಇಬ್ಬರಿಗೂ 160 ಸೇರಿ 460, 410. ಅಂತರ ಅದೇ 50. ಸೋತರೆ ಬಿಡ್ ಹಿಡಿದವರಿಗೆ 160 ಕಳೆದು 140. ಸಹಾಯಕನಿಗೆ ಕಳೆಯುವ ನಿಯಮ ಇಲ್ಲದಿದ್ದರೆ ಅವನು 250ರಲ್ಲೇ ಇದ್ದು ಅವರಿಗಿಂತ ಮುಂದೆ ಹೋದ! ಸಹಾಯ ಕಡ್ಡಾಯ ಅಂತ ನಿಯಮ ಹೇಳುತ್ತದೆ, ಕೈ ಕೊಟ್ಟರೆ ಲಾಭ ಅಂತ ಲೆಕ್ಕ ಹೇಳುತ್ತದೆ. ಬೇಕಂತಲೇ ಹತ್ತು ಬಿಟ್ಟುಕೊಟ್ಟನಾ, ಎಲೆ ಇರಲಿಲ್ಲವಾ ಅಂತ ಹೊರಗಿನವರು ಹೇಳುವುದು ಕಷ್ಟ.

ಇದಕ್ಕೆ ಮದ್ದು ಸೋಲಿನಲ್ಲೂ ಪಾಲು. ಸಹಾಯಕನಿಗೆ ಅರ್ಧ, ಅಂದರೆ 80 ಕಳೆದರೆ ಅವನು 170ಕ್ಕೆ ಇಳಿಯುತ್ತಾನೆ. ಬಿಡ್ ಹಿಡಿದವರಿಗಿಂತ ಆಗಲೂ ಮುಂದೆ, ಆದರೆ ಉಳಿದ ನಾಲ್ವರಿಗಿಂತ ಹಿಂದೆ ಬೀಳುವ ಭಯ ಇರುತ್ತದೆ. ಪೂರ್ತಿ 160 ಕಳೆದರೆ 90. ಆಗ ಕೈ ಕೊಟ್ಟು ಯಾವ ಪ್ರಯೋಜನವೂ ಇಲ್ಲ. ಪೂರ್ತಿ ಪಾಲು ಕಠಿಣ ಅನ್ನಿಸಿದರೂ, ಸಹಾಯಕ ಮನಸ್ಸಿಟ್ಟು ಆಡಬೇಕು ಅಂದರೆ ಅದೇ ಗಟ್ಟಿ ನಿಯಮ.

ಹಾಗಾಗಿ ಎಲೆ ಕಲಸುವ ಮುಂಚೆ ಮೂರು ಮಾತು ಆಡಿಕೊಂಡರೆ ಸಾಕು: ಎಷ್ಟು ಎಲೆ ಕರೆಯಬಹುದು, ಸೋತರೆ ಸಹಾಯಕನಿಗೆ ಎಷ್ಟು ಕಳೆಯಬೇಕು, ಬಣ್ಣ ಇದ್ದೂ ಹಾಕದೆ ಸಿಕ್ಕಿಬಿದ್ದರೆ ಏನು ದಂಡ. ದಂಡ ಅಂಕದಲ್ಲೇ ಇರಲಿ.

ಅಂಗಡಿಯವರಿಗೆ ಒಂದು ಕಿವಿಮಾತು. ಬಾಗಿಲು ಹಾಕಿದ ಮೇಲೆ ನಾಲ್ಕು ಜನ ಕೂತು ಅಂಕಕ್ಕೆ ಆಡುವುದು ಬೇರೆ, ದುಡ್ಡು ಕಟ್ಟಿ ಆಡುವುದು ಬೇರೆ. ಕರ್ನಾಟಕ ಪೊಲೀಸ್ ಕಾಯ್ದೆ 1963ರ ಪ್ರಕಾರ ಜೂಜಾಡಿದವರ ಮೇಲಷ್ಟೇ ಅಲ್ಲ, ಜೂಜು ಅಡ್ಡೆಗೆ ಜಾಗ ಬಿಟ್ಟುಕೊಟ್ಟವರ ಮೇಲೂ ಕೇಸ್ ಬೀಳುತ್ತದೆ. ಗೋಡೌನ್ ಕೀ ಕೇಳಿದವರು ಹಳೇ ಗಿರಾಕಿಯೇ ಆಗಿರಲಿ, ಆಟ ಅಂಕಕ್ಕೋ ದುಡ್ಡಿಗೋ ಅಂತ ಮೊದಲು ಕೇಳಿಕೊಳ್ಳಿ.