ತಾಮ್ರದೊಳಗಿನ ಮರ

ಇಟಲಿಯ ತೆಂಕಣ ತುದಿಯ ಲೆಚ್ಚೆ ಪಟ್ಟಣದಲ್ಲಿ, ನಡುಚೌಕದ ಒಂದು ಕಂಬದ ಮೇಲೆ ಸಂತ ಒರೊಂಜೊ ಕೈಯೆತ್ತಿ ಹರಸುತ್ತ ನಿಂತಿದ್ದಾರೆ. ನೆಲದಿಂದ ತಲೆಯವರೆಗೆ ಸುಮಾರು 29 ಮೀಟರ್. ಊರಿನ ಮೊದಲ ಬಿಷಪ್ ಅವರೇ, ನೀರೋ ದೊರೆಯ ಕಾಲದಲ್ಲಿ ಪ್ರಾಣ ತೆತ್ತವರು ಎಂಬುದು ಅಲ್ಲಿನವರ ನಂಬಿಕೆ. 1656ರಲ್ಲಿ ನೇಪಲ್ಸ್ ರಾಜ್ಯದ ಊರೂರುಗಳನ್ನು ಪ್ಲೇಗ್ ನುಂಗಿತು, ಲೆಚ್ಚೆ ಉಳಿಯಿತು; ಉಳಿಸಿದ್ದು ಈ ಸಂತರೇ ಎಂದು ಊರು ನಂಬಿತು. ಕಂಬ ಎದ್ದದ್ದು ಆ ಋಣ ತೀರಿಸಲು.

ಕಂಬವೋ, ಎರವಲು ತಂದದ್ದು. ಹತ್ತಿರದ ಬ್ರಿಂಡಿಸಿ ಬಂದರಿನಲ್ಲಿ ರೋಮನ್ನರ ಕಾಲದ ಎರಡು ಕಂಬಗಳಿದ್ದವು. ಅವುಗಳಲ್ಲೊಂದು 1528ರಲ್ಲಿ ಕುಸಿದು, ನೂರಕ್ಕೂ ಹೆಚ್ಚು ವರ್ಷ ಹಾಗೇ ಬಿದ್ದಿತ್ತು. ಅದರ ತುಂಡುಗಳನ್ನು ತರಿಸಿ ನಿಲ್ಲಿಸುವ ಹೊಣೆ ಶಿಲ್ಪಿ ಜುಸೆಪ್ಪೆ ಜಿಂಬಾಲೊನ ಪಾಲಿಗೆ ಬಂತು. ಬೆಣ್ಣೆಯಂಥ ಲೆಚ್ಚೆ ಕಲ್ಲಿನಲ್ಲಿ ಹೂಬಳ್ಳಿ ಅರಳಿಸುವುದರಲ್ಲಿ ಪಳಗಿದ ಕೈ ಅವನದು. ಇಲ್ಲಿ ಎದುರಾದದ್ದು ಗಡಸು ಅಮೃತಶಿಲೆ, ಅದೂ ಪೆಟ್ಟು ತಿಂದದ್ದು. ತುಂಡಿನ ಮೇಲೆ ತುಂಡು ಕೂರಿಸುವಾಗ ಎರಡು ಮುಖಗಳೂ ಸಮತಟ್ಟಾಗಿ ಕೂಡಬೇಕು. ಒಂದು ಕಡೆ ಕೊಂಚ ಉಬ್ಬಿದ್ದರೂ ಮೇಲಿನ ಭಾರವೆಲ್ಲ ಅಲ್ಲಿಗೇ ಇಳಿದು ಅಂಚು ಸಿಡಿಯುತ್ತದೆ. ಕೆಳಗಿನ ತುಂಡಿನಲ್ಲಿ ಕೂದಲೆಳೆಯಷ್ಟು ವಾರೆಯಾದರೆ ತುದಿಯಲ್ಲಿ ಅದು ಕಣ್ಣಿಗೆ ರಾಚುತ್ತದೆ. ಇದಾವುದೂ ನೋಡುವವರಿಗೆ ಕಾಣುವ ಕೆಲಸವಲ್ಲ. ಬ್ರಿಂಡಿಸಿಯಲ್ಲಿ ಆ ಕಂಬದ ಪೀಠ, ಮೇಲೊಂದು ಮೋಟು ಈಗಲೂ ಇವೆ.

ಮೂರ್ತಿಯ ಕಸುಬು ಇದಕ್ಕಿಂತ ಜಾಣತನದ್ದು. ಕೆಳಗಿನಿಂದ ನೋಡಿದವರು ಎರಕ ಎಂದೇ ತಿಳಿಯಬೇಕು, ಹಾಗಿತ್ತು. ಒಳಗಿದ್ದದ್ದು ಮರ; ಹೊರಗೆ ತಾಮ್ರದ ತಗಡು. ಮರದ ದೇವರಿಗೆ ಬೆಳ್ಳಿಕವಚ ತೊಡಿಸಿದ ಹಾಗೆ, ಆದರೆ ಕಳಚುವಂತಿರಲಿಲ್ಲ. ತಗಡನ್ನು ಕಾಯಿಸಿ ಮೆತ್ತಗೆ ಮಾಡಿ, ಮಡಿಕೆಯ ಏರಿಳಿತಕ್ಕೆ ತಕ್ಕಂತೆ ಬಡಿಯುತ್ತಾರೆ. ಬಡಿದಷ್ಟೂ ತಾಮ್ರ ಬಿರುಸಾಗುತ್ತದೆ, ಇನ್ನೊಂದೇಟು ಬಿದ್ದರೆ ಸೀಳುತ್ತದೆ. ಅಷ್ಟರಲ್ಲಿ ಮತ್ತೆ ಬೆಂಕಿಗೆ ಹಿಡಿಯಬೇಕು. ಆ ಹದ ಕೈಗೆ ಗೊತ್ತಾಗಬೇಕೇ ಹೊರತು ಹೇಳಿಕೊಡಲು ಬರುವುದಿಲ್ಲ. ಮೇಲಿನ ತಗಡಿನ ಅಂಚು ಕೆಳಗಿನದರ ಮೇಲೆ ಹಾಯಬೇಕು. ಇಲ್ಲವಾದರೆ ಮಳೆನೀರು ಒಳಗಿಳಿಯುತ್ತದೆ. ಇಷ್ಟು ಪಾಡಿನಿಂದ ಭಾರ ಉಳಿಯುತ್ತದೆ. ಕಂಚಿನಲ್ಲಿ ಎರಕ ಹೊಯ್ದರೆ ಕಂಬದ ಮೇಲಿನ ಹೊರೆ ಹೆಚ್ಚುತ್ತಿತ್ತು.

ಆದರೆ ಮರ ಮರವೇ. 1737ರ ಹಬ್ಬದಲ್ಲಿ ಸಂತರ ಗೌರವಕ್ಕೆಂದೇ ಹಾರಿಸಿದ ಬಾಣಬಿರುಸಿನ ಕಿಡಿ ತಗುಲಿ ಮೊದಲ ಮೂರ್ತಿ ಸುಟ್ಟುಹೋಯಿತು! ಎರಡು ವರ್ಷದಲ್ಲಿ ವೆನಿಸ್‌ನಿಂದ ಹೊಸದು ಬಂತು. ಪದ್ಧತಿ ಬದಲಾಗಲಿಲ್ಲ: ಮತ್ತೆ ಮರ, ಮತ್ತೆ ತಾಮ್ರ. ಹಬ್ಬವೂ ನಿಲ್ಲಲಿಲ್ಲ, ಈಗಲೂ ಆಗಸ್ಟ್ ಕೊನೆಯಲ್ಲಿ ಗದ್ದಲವೋ ಗದ್ದಲ.

ಆ ಎರಡನೆಯ ಮೂರ್ತಿಯನ್ನು ಬಿಸಿಲು–ಮಳೆ ಸವೆಸಿತು. 2019ರಲ್ಲಿ ಅದನ್ನು ಕೆಳಗಿಳಿಸಿದರು. 2024ರಲ್ಲಿ ಕಂಚಿನ ಪ್ರತಿ ಮೇಲೇರಿತು. ಅದು ಹೆಚ್ಚು ಕಾಲ ಬಾಳೀತು, ಒಪ್ಪೋಣ. ನನ್ನನ್ನು ಕೇಳಿದರೆ ಕಂಬ ನೋಡಿದವರು ಅಲ್ಲಿಂದ ನೇರ ಪಲಾಜೊ ಕರಾಫಾಕ್ಕೆ, ಅಂದರೆ ಊರಿನ ನಗರಸಭೆ ಕಟ್ಟಡಕ್ಕೆ ಹೋಗಬೇಕು. ಹಳೆಯ ಮೂರ್ತಿಯನ್ನು ಇರಿಸಿರುವುದು ಅಲ್ಲಿ. ಅಷ್ಟೆತ್ತರದಲ್ಲಿ ಯಾರಿಗೂ ಕಾಣದಿದ್ದ ತಗಡಿನ ಜೋಡಣೆಗಳನ್ನು ಈಗ ಎದುರೇ ನಿಂತು ನೋಡಬಹುದು.